ಪಣ ತೊಟ್ಟವರ ಗಡಸು ನಾದ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ಅಮೆರಿಕದ ಅರ್ತ್ ಕ್ರೈಸಿಸ್ ತಂಡವು 1995ರಲ್ಲಿ ಹೊರತಂದ ‘ಡಿಸ್ಟ್ರಾಯ್ ದ ಮಶೀನ್ಸ್’ ಆಲ್ಬಂ ಅನ್ನು ಈಚೆಗೆ ಮೊದಲ ಬಾರಿ ಕೇಳಿದೆ. ಮೆಟಲ್‌ಕೋರ್ ಎಂಬ ಗಡಸು ರಾಕ್ ಸಂಗೀತಕ್ಕೆ ಬುನಾದಿ ಹಾಕಿದ ಆಲ್ಬಂಗಳಲ್ಲಿ ಇದೂ ಒಂದು ಎಂದು ಬಲ್ಲವರು ಹೇಳುತ್ತಾರೆ. ನನಗಾದರೋ ಹತ್ತು ಹಾಡುಗಳೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕೇಳಿಸಿದವು. ಗಾಯಕ ಹಾಡುವುದಿಲ್ಲ, ಕೂಗುತ್ತಾನೆ. ಗಿಟಾರ್‌ಗಳು ನುಡಿಯುವುದಿಲ್ಲ, ಗುದ್ದುತ್ತವೆ. ಮದ್ಯ, ತಂಬಾಕು, ಮಾದಕ ವಸ್ತುಗಳನ್ನು ಮುಟ್ಟುವುದಿಲ್ಲವೆಂದು ಪಣ ತೊಟ್ಟ ಎಳೆಯರ ಸ್ಟ್ರೇಟ್‌ಎಡ್ಜ್ ತಂಡವೊಂದರ ಇಂಥ ಆರಂಭದ ಆಲ್ಬಂ ಅನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು? ಅದಕ್ಕೆ ಸಿಗುವ ಹೊಗಳಿಕೆಯಲ್ಲಿ ಹಳೆಯ ನೆನಪುಗಳ ಪಾಲೇ ಹೆಚ್ಚಾಗಿದೆಯೇ?

ಉತ್ತರ: ನಿಮ್ಮ ಕಿವಿ ಗುರುತಿಸಿದ್ದು ಸರಿಯಾಗಿಯೇ ಇದೆ. ನಾನೂ ಈ ಆಲ್ಬಂ ಅನ್ನು ಮೊದಲ ಸಲ ಕೇಳಿದಾಗ ಒಂದು ಹಾಡು ಎಲ್ಲಿ ಮುಗಿಯಿತು, ಮುಂದಿನದು ಎಲ್ಲಿ ತೊಡಗಿತು ಎಂದು ಹಿಂದಕ್ಕೆ ಹೋಗಿ ನೋಡಬೇಕಾಗಿತ್ತು. ಆದರೆ ಈ ಒಂದೇ ತೆರನಾದ ನಾದದಲ್ಲಿ ಒಂದು ಪಾಲು ಬೇಕೆಂದೇ ಮಾಡಿದ್ದು, ಇನ್ನೊಂದು ಪಾಲು ಅನುಭವ ಸಾಲದೆ ಆದದ್ದು. ಅವೆರಡನ್ನೂ ಬಿಡಿಸಿ ನೋಡುವುದೇ ಇಂಥ ಆಲ್ಬಂನ ವಿಮರ್ಶೆಯ ಮುಖ್ಯ ಕೆಲಸವೆಂದು ನಾನು ನಂಬಿದ್ದೇನೆ. ಹಾಗೆ ಬಿಡಿಸಬೇಕಾದರೆ ಈ ತಂಡದವರು ತೊಟ್ಟ ಪಣ ಏನಾಗಿತ್ತು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕಾಗುತ್ತದೆ.

ಸ್ಟ್ರೇಟ್‌ಎಡ್ಜ್ ಎಂಬ ಹೆಸರು ಬಂದದ್ದು ವಾಷಿಂಗ್ಟನ್ ಡಿ.ಸಿ.ಯ ಮೈನರ್ ಥ್ರೆಟ್ ತಂಡವು 1981ರಲ್ಲಿ ಹೊರತಂದ, 46 ಸೆಕೆಂಡುಗಳಷ್ಟೇ ಉದ್ದದ ಒಂದು ಹಾಡಿನಿಂದ. ತಂಡದ ಗಾಯಕ ಇಯಾನ್ ಮಕಾಯ್ ಅದರಲ್ಲಿ ಹೇಳಿಕೊಂಡದ್ದು ತನ್ನೊಬ್ಬನ ಆಯ್ಕೆಯನ್ನು. ಪಂಥವೊಂದನ್ನು ಕಟ್ಟುವುದು ತನ್ನ ಉದ್ದೇಶವಾಗಿರಲಿಲ್ಲವೆಂದು ಆತ ಮುಂದೆ ಹಲವು ಬಾರಿ ಸ್ಪಷ್ಟಪಡಿಸಿದ್ದಾನೆ. ಆದರೂ ಪಂಥ ಬೆಳೆಯಿತು. ಕುಡಿಯುವ ವಯಸ್ಸಾಗದವರಿಗೆ ಮದ್ಯ ಕೊಡಬಾರದೆಂಬ ಗುರುತಾಗಿ ಕ್ಲಬ್ಬಿನವರು ಕೈ ಮೇಲೆ ಬರೆಯುತ್ತಿದ್ದ ಎಕ್ಸ್ ಚಿಹ್ನೆಯನ್ನು ಎಳೆಯರು ತಮ್ಮ ಹೆಮ್ಮೆಯ ಗುರುತನ್ನಾಗಿ ಮಾಡಿಕೊಂಡರು. ಹೊರಗಿಡುವುದಕ್ಕಾಗಿ ಹಾಕಿದ ಗುರುತನ್ನು ‘ನಮಗೇ ಇದು ಬೇಡ’ ಎಂಬ ಸಾರುವಿಕೆಯಾಗಿ ತಿರುಗಿಸಿದ ಆ ನಡೆಯಲ್ಲಿ ಇಡೀ ಚಳವಳಿಯ ಸ್ವಭಾವ ಅಡಗಿದೆ. 1980ರ ದಶಕದ ಕೊನೆಯ ಹೊತ್ತಿಗೆ ಯೂತ್ ಆಫ್ ಟುಡೇಯಂಥ ತಂಡಗಳು ಮದ್ಯ, ತಂಬಾಕು, ಮಾದಕ ವಸ್ತುಗಳ ತ್ಯಾಗದ ಜತೆಗೆ ಮಾಂಸಾಹಾರದ ತ್ಯಾಗವನ್ನೂ ಸೇರಿಸಿದವು. ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ನಗರದಿಂದ ಬಂದ ಅರ್ತ್ ಕ್ರೈಸಿಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಾಲು ಮೊಟ್ಟೆಗಳನ್ನೂ ಬಿಟ್ಟ ವೀಗನ್ ನೇಮವನ್ನು ತನ್ನ ಬಾವುಟವನ್ನಾಗಿ ಹಿಡಿಯಿತು.

ಇಷ್ಟು ಹಿನ್ನೆಲೆಯೊಂದಿಗೆ ಈಗ ಗಿಟಾರ್ ಕಡೆಗೆ ಬನ್ನಿ. ಮೊದಲ ಪೀಳಿಗೆಯ ಸ್ಟ್ರೇಟ್‌ಎಡ್ಜ್ ತಂಡಗಳ ಸಂಗೀತವು ಹಾರ್ಡ್‌ಕೋರ್ ಪಂಕ್ ಆಗಿತ್ತು: ಅತಿ ವೇಗ, ಅತಿ ಚಿಕ್ಕ ಹಾಡು, ಉಸಿರು ಬಿಡಲೂ ಎಡೆಯಿಲ್ಲದ ಓಟ. 1990ರ ದಶಕದ ಮೊದಲ ವರ್ಷಗಳಲ್ಲಿ ಆ ಓಟ ನಿಧಾನವಾಯಿತು, ಭಾರವಾಯಿತು. ಸ್ಲೇಯರ್‌ನಂಥ ಮೆಟಲ್ ತಂಡಗಳನ್ನು ಕೇಳಿ ಬೆಳೆದ ಗಿಟಾರ್ ವಾದಕರು ಹಾರ್ಡ್‌ಕೋರ್ ವೇದಿಕೆಗೆ ಮೆಟಲ್ಲಿನ ರಿಫ್‌ಗಳನ್ನು, ಎಂದರೆ ಮತ್ತೆ ಮತ್ತೆ ಬರುವ ಚಿಕ್ಕ ಗಿಟಾರ್ ನುಡಿಗಳನ್ನು, ತಂದರು. ಕ್ಲೀವ್‌ಲ್ಯಾಂಡ್‌ನ ಇಂಟಿಗ್ರಿಟಿ ತಂಡದ 1991ರ ಆಲ್ಬಂನಲ್ಲಿ ಈ ಬದಲಾವಣೆ ಆಗಲೇ ಎದ್ದು ಕಾಣುತ್ತದೆ. ಮೆಟಲ್ ಮತ್ತು ಹಾರ್ಡ್‌ಕೋರ್ ಎರಡರ ಹೆಸರನ್ನೂ ಕೂಡಿಸಿ ಮೆಟಲ್‌ಕೋರ್ ಎಂದು ಕರೆದದ್ದು ಈ ಬೆಸುಗೆಯನ್ನೇ. ಅರ್ತ್ ಕ್ರೈಸಿಸ್ ಈ ಬೆಸುಗೆಯಿಂದ ಆರಿಸಿಕೊಂಡದ್ದು ಮುಖ್ಯವಾಗಿ ಎರಡು ಸಂಗತಿಗಳನ್ನು, ಪಾಮ್ ಮ್ಯೂಟಿಂಗ್ ಮತ್ತು ಬ್ರೇಕ್‌ಡೌನ್.

ಪಾಮ್ ಮ್ಯೂಟಿಂಗ್ ಎಂದರೆ ಅಂಗೈಯ ಅಂಚನ್ನು ತಂತಿಗಳ ಬುಡದಲ್ಲಿ ಊರಿ, ಮಿಡಿದ ಸ್ವರ ಮೊರೆಯುವ ಮುನ್ನವೇ ಅದನ್ನು ಅದುಮಿ ಹಿಡಿಯುವುದು. ಕೇಳುಗರಿಗೆ ಸ್ವರ ಹಬ್ಬುವುದಕ್ಕಿಂತ ಹೆಚ್ಚಾಗಿ ಅದನ್ನು ತಡೆದ ಪೆಟ್ಟು ಕೇಳಿಸುತ್ತದೆ. ಈ ಆಲ್ಬಂನ ಗಿಟಾರ್ ಕೆಲಸದ ಬಹುಪಾಲು ಹೀಗೆ ಅದುಮಿ ಹಿಡಿದ ಸ್ವರಗಳಿಂದಲೇ ಆಗಿದೆ, ಮತ್ತು ನನ್ನ ಮಟ್ಟಿಗೆ ಇದು ಆಕಸ್ಮಿಕವಲ್ಲ. ಸೋಲೋ ನುಡಿಸಿ ಮೆರೆಯುವ ಅವಕಾಶ ಮೆಟಲ್ ಸಂಗೀತದಲ್ಲಿ ಧಾರಾಳವಾಗಿ ಇರುತ್ತದೆ. ಇಲ್ಲಿ ಆ ಅವಕಾಶವನ್ನು ಹೆಚ್ಚುಕಡಿಮೆ ಮುಟ್ಟಿಯೇ ಇಲ್ಲ. ಬೇಡವೆನ್ನುವುದನ್ನೇ ಬದುಕಿನ ರೀತಿಯಾಗಿ ಮಾಡಿಕೊಂಡವರ ಕೈಯಲ್ಲಿ ವಾದ್ಯವೂ ಬೇಡವೆನ್ನಲು ಕಲಿತಿದೆ. ಮಾತಿನಲ್ಲಿ ತ್ಯಾಗವನ್ನು ಹಾಡಿ, ವಾದ್ಯದಲ್ಲಿ ಭೋಗವನ್ನು ನುಡಿಸುವ ತಂಡಗಳು ಎಷ್ಟೋ ಇವೆ. ಈ ಆಲ್ಬಂನಲ್ಲಿ ಮಾತಿಗೂ ನಾದಕ್ಕೂ ನಡುವೆ ಆ ಬಿರುಕು ಇಲ್ಲ. ಅದರ ಮೊದಲ ಗುಣವೆಂದು ನಾನು ಎಣಿಸುವುದು ಇದನ್ನೇ.

ಬ್ರೇಕ್‌ಡೌನ್‌ಗೂ ಇದೇ ಮಾತು ಸಲ್ಲುತ್ತದೆ. ಓಡುತ್ತಿದ್ದ ಹಾಡಿನ ನಡೆ ಒಮ್ಮೆಗೇ ಅರ್ಧಕ್ಕೆ ಇಳಿದು, ಗಿಟಾರ್‌ಗಳು ಮತ್ತು ಡಬಲ್ ಬಾಸ್ ಡ್ರಮ್ ಒಂದೇ ಲಯದ ಪೆಟ್ಟುಗಳಲ್ಲಿ ಕೂಡಿಕೊಳ್ಳುವ ಜಾಗ ಅದು. ವೇದಿಕೆಯ ಮುಂದೆ ನಿಂತವರು ಮೈಮರೆತು ಕುಣಿಯುವುದೂ ಅಲ್ಲಿಯೇ. ಬ್ರೇಕ್‌ಡೌನ್‌ನ ಬಲ ಅದರ ಭಾರದಲ್ಲಿ ಇರುವುದಕ್ಕಿಂತ ಅದಕ್ಕೆ ಮೊದಲು ಕಾಯಿಸಿದ ರೀತಿಯಲ್ಲಿ ಇರುತ್ತದೆ. ಪೆಟ್ಟು ಯಾವಾಗ ಬೀಳುತ್ತದೆಂದು ಕೇಳುಗರಿಗೆ ಗೊತ್ತಿರಬೇಕು, ಆದರೂ ಅದು ಬಿದ್ದಾಗ ಎದೆ ಝಲ್ಲೆನ್ನಬೇಕು. 1993ರಲ್ಲಿ ಇದೇ ತಂಡವು ‘ಫೈರ್‌ಸ್ಟಾರ್ಮ್’ ಎಂಬ ನಾಲ್ಕೇ ಹಾಡುಗಳ ಚಿಕ್ಕ ಮುದ್ರಿಕೆಯೊಂದನ್ನು ಹೊರತಂದಿತ್ತು. ಅದರ ಶೀರ್ಷಿಕೆ ಹಾಡಿನಲ್ಲಿ ಈ ಕಾಯಿಸುವಿಕೆ ಎಷ್ಟು ಖಚಿತವಾಗಿದೆಯೆಂದರೆ, ಆ ಬಗೆಯ ರಿಫ್ ಕಟ್ಟಲು ಹೊರಟ ಮುಂದಿನ ತಂಡಗಳೆಲ್ಲ ಒಂದಲ್ಲ ಒಂದು ಹಂತದಲ್ಲಿ ಅದರ ಮುಂದೆ ನಿಂತು ಕಲಿತಿವೆ.

ಇನ್ನು ಕೊರತೆಯ ಮಾತು. ನಾಲ್ಕು ಹಾಡುಗಳಿಗೆ ಸಾಕಾಗಿದ್ದ ಉಪಾಯ ಹತ್ತು ಹಾಡುಗಳಿಗೆ ಸಾಲಲಿಲ್ಲ ಎಂಬುದು ‘ಡಿಸ್ಟ್ರಾಯ್ ದ ಮಶೀನ್ಸ್’ ಆಲ್ಬಂನ ನಿಜವಾದ ದೌರ್ಬಲ್ಯ. ‘ಫೋರ್ಸ್ಡ್ ಮಾರ್ಚ್’ ಹಾಡಿನಿಂದ ತೊಡಗುವ ಬಿಗಿ ‘ದ ಡಿಸಿಪ್ಲಿನ್’ವರೆಗೂ ಸಡಿಲವಾಗುವುದಿಲ್ಲ. ಆಮೇಲೆ ಬರುವ ಹಾಡುಗಳಲ್ಲಿ ಕೆಲವು, ಒಂಟಿಯಾಗಿ ಕೇಳಿದರೆ ಗಟ್ಟಿಯಾಗಿಯೇ ಇದ್ದರೂ, ಸಾಲಿನಲ್ಲಿ ಬಂದಾಗ ಹಿಂದಿನದರ ನೆರಳಿನಂತೆ ಕಾಣುತ್ತವೆ. ಹಾಡುಗಳನ್ನು ಒಂದೊಂದಾಗಿ ಕಟ್ಟಲು ಕಲಿತವರು ಆಲ್ಬಂ ಅನ್ನು ಒಂದು ಇಡಿಯಾಗಿ ಕಟ್ಟಲು ಇನ್ನೂ ಕಲಿತಿರಲಿಲ್ಲ. ವೇಗವನ್ನು ಎಲ್ಲಿ ಬದಲಿಸಬೇಕು, ಕೇಳುಗರ ಕಿವಿಗೆ ಎಲ್ಲಿ ಬಿಡುವು ಕೊಡಬೇಕು ಎಂಬ ವಿವೇಕವು ವೇದಿಕೆಯ ಮೇಲೆ ಅರ್ಧ ಗಂಟೆ ನುಡಿಸುವ ಅಭ್ಯಾಸದಿಂದ ಬರುವುದಿಲ್ಲ; ಅಲ್ಲಿ ಬಿಡುವೇ ಶತ್ರು. ಇದನ್ನು ಎಳೆಯರೆಂಬ ಕಾರಣಕ್ಕೆ ಮನ್ನಿಸಬೇಕೆಂದು ನಾನು ಹೇಳಲಾರೆ. ವಯಸ್ಸು ಕೊರತೆಯ ಕಾರಣವನ್ನು ವಿವರಿಸುತ್ತದೆ, ಕೊರತೆಯನ್ನು ಅಳಿಸುವುದಿಲ್ಲ.

ನೆನಪುಗಳ ಪಾಲು ಎಷ್ಟೆಂದು ಕೇಳಿದ್ದೀರಿ. ಅದು ಇದೆ. ಹದಿನಾರನೆಯ ವಯಸ್ಸಿನಲ್ಲಿ ಈ ಹಾಡುಗಳನ್ನು ಕೇಳಿ ಕುಡಿತದಿಂದ ದೂರ ಉಳಿದವರು ಇದನ್ನು ಬರೀ ಆಲ್ಬಂ ಆಗಿ ಕಾಣಲಾರರು, ಕಾಣಬೇಕಾಗಿಯೂ ಇಲ್ಲ. ಆದರೆ ಆ ನೆನಪು ಇಲ್ಲದ ನೀವು ಅವರ ಹೊಗಳಿಕೆಯನ್ನು ಸಾಲವಾಗಿ ಪಡೆಯುವ ಅಗತ್ಯವಿಲ್ಲ. ಮೊದಲ ಐದು ಹಾಡುಗಳನ್ನು ಒಂದು ದಿನ, ಉಳಿದ ಐದನ್ನು ಇನ್ನೊಂದು ದಿನ ಕೇಳಿ. ಗಾಯಕನನ್ನು ಬಿಟ್ಟು ಡ್ರಮ್ ಮತ್ತು ಬಾಸ್ ಗಿಟಾರ್ ಯಾವಾಗ ಕೂಡುತ್ತವೆ, ಯಾವಾಗ ಬೇರೆಯಾಗುತ್ತವೆ ಎಂಬುದನ್ನಷ್ಟೇ ಗಮನಿಸಿ. ಒಂದೇ ಅಚ್ಚು ಎಂದು ತೋರಿದ್ದರಲ್ಲಿ ಎಷ್ಟು ನಿಜವಾಗಿಯೂ ಒಂದೇ ಅಚ್ಚು ಎಂಬುದು ಆಗ ನಿಮಗೇ ತಿಳಿಯುತ್ತದೆ.

ಪ್ರಶ್ನೆ: ನಾನು ಈಗಿನ ಮೆಟಲ್‌ಕೋರ್ ತಂಡಗಳನ್ನು ಇಷ್ಟಪಟ್ಟು ಕೇಳುವವಳು. ಗದ್ದಲದ ನಡುವೆ ಇಂಪಾದ ಪಲ್ಲವಿ ಬಂದಾಗ ಸಿಗುವ ಸುಖವೇ ಬೇರೆ. 1990ರ ದಶಕದ ಈ ಹಳೆಯ ಆಲ್ಬಂಗಳಲ್ಲಿ ಅದು ಇಲ್ಲವೇ ಇಲ್ಲ, ಧ್ವನಿಮುದ್ರಣವೂ ಬಡಕಲಾಗಿ ಕೇಳಿಸುತ್ತದೆ. ಇವನ್ನು ಅಪಕ್ವ ಪ್ರಯತ್ನಗಳು ಎನ್ನಬಹುದಲ್ಲವೇ?

ಉತ್ತರ: ಅಪಕ್ವ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಸಂಗೀತಗಳು ಇವೆ ಎಂಬುದೇ ಇಲ್ಲಿನ ತೊಡಕು. ನೀವು ಇಷ್ಟಪಡುವ, ಅಬ್ಬರದ ಚರಣದಿಂದ ಇಂಪಾದ ಪಲ್ಲವಿಗೆ ಏರುವ ರಚನೆ ವ್ಯಾಪಕವಾದದ್ದು ಈ ಶತಮಾನದ ಮೊದಲ ವರ್ಷಗಳಲ್ಲಿ. ಕಿಲ್‌ಸ್ವಿಚ್ ಎಂಗೇಜ್ ತಂಡದ 2002ರ ಆಲ್ಬಂ ಅದರ ದೊಡ್ಡ ಮೈಲಿಗಲ್ಲು. ಆ ರಚನೆಯ ಗಿಟಾರ್ ನುಡಿಗೆ ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಆ್ಯಟ್ ದ ಗೇಟ್ಸ್‌ನಂಥ ತಂಡಗಳ ಋಣ ದೊಡ್ಡದು. ಸಿರಕ್ಯೂಸ್‌ನವರು 1993ರಲ್ಲಿ ನಾಲ್ಕು ಹಾಡುಗಳನ್ನು ಮುದ್ರಿಸಿದಾಗ ಅವರ ಎದುರಿಗೆ ಇದ್ದ ಮಾದರಿಗಳೇ ಬೇರೆ, ಅವರು ತಲುಪಬೇಕೆಂದುಕೊಂಡಿದ್ದ ಗುರಿಯೂ ಬೇರೆ. ಹೋಗಬಯಸದ ಊರನ್ನು ತಲುಪಲಿಲ್ಲವೆಂದು ಒಬ್ಬರನ್ನು ದೂರಲಾಗದು.

ಇನ್ನೂ ಒಂದು ಮಾತಿದೆ. ಇಂಪಾದ ಪಲ್ಲವಿಯು ಕೇಳುಗರಿಗೆ ಸಮಾಧಾನ ಕೊಡುತ್ತದೆ, ಹಿಡಿದಿಟ್ಟ ಬಿಗಿಯನ್ನು ಬಿಚ್ಚುತ್ತದೆ. ಈ ಆರಂಭದ ಆಲ್ಬಂಗಳು ಆ ಬಿಗಿಯನ್ನು ಬಿಚ್ಚಲು ಒಪ್ಪುವುದಿಲ್ಲ. ಅರ್ತ್ ಕ್ರೈಸಿಸ್ ತಂಡದ ಗಾಯಕ ಕಾರ್ಲ್ ಬ್ಯೂಕ್ನರ್‌ನ ಒರಟು ಕೂಗಿಗೆ ಬದಲಾಗಿ ಮಧುರ ಕಂಠವೊಂದು ನಡುವೆ ಬಂದಿದ್ದರೆ ಹಾಡು ಸುಲಭವಾಗಿ ಕೇಳಿಸುತ್ತಿತ್ತು, ಆದರೆ ಅದು ಹೇಳುತ್ತಿದ್ದ ಕಠಿಣ ನೇಮ ನಂಬುವಂತೆ ಇರುತ್ತಿರಲಿಲ್ಲ. ಈ ಕಂಠದಲ್ಲಿ ಅಕ್ಷರಗಳು ಬಹುಮಟ್ಟಿಗೆ ಸ್ಪಷ್ಟವಾಗಿ ಕೇಳಿಸುತ್ತವೆ ಎಂಬುದನ್ನೂ ಗಮನಿಸಿ. ಡೆತ್ ಮೆಟಲ್ ಗಾಯಕರಂತೆ ಮಾತನ್ನು ಗಂಟಲಲ್ಲಿ ಕರಗಿಸಿಬಿಡುವುದು ಆತನಿಗೆ ಬೇಕಿರಲಿಲ್ಲ, ಏಕೆಂದರೆ ಮಾತು ತಲುಪಲೇಬೇಕಾಗಿತ್ತು.

ಧ್ವನಿಮುದ್ರಣದ ಬಗೆಗೆ ನಿಮ್ಮ ಮಾತು ಅರ್ಧ ಸರಿ. ಈಗಿನ ಆಲ್ಬಂಗಳಲ್ಲಿ ಡ್ರಮ್ಮಿನ ಒಂದೊಂದು ಪೆಟ್ಟನ್ನೂ ಕಂಪ್ಯೂಟರ್‌ನಲ್ಲಿ ಸರಿಹೊಂದಿಸಿ, ಎಲ್ಲವನ್ನೂ ಒಂದೇ ಎತ್ತರಕ್ಕೆ ಏರಿಸಿರುತ್ತಾರೆ. ಆ ಕಿವಿಯಿಂದ ಕೇಳಿದರೆ 1995ರ ಮುದ್ರಣ ಒಣಗಿದಂತೆ ತೋರುವುದು ಸಹಜ. ಧ್ವನಿಯನ್ನು ಸ್ವಲ್ಪ ಏರಿಸಿ ಕೇಳಿದರೆ, ಒಂದು ಕೋಣೆಯಲ್ಲಿ ಐದು ಮಂದಿ ಒಟ್ಟಿಗೆ ನುಡಿಸುತ್ತಿರುವ ಗಾಳಿಯ ಅಲುಗಾಟ ಅದರಲ್ಲಿ ಇನ್ನೂ ಉಳಿದಿರುವುದು ಗೊತ್ತಾಗುತ್ತದೆ. ನನಗೆ ಅದು ಪ್ರಿಯ.

ಪ್ರಶ್ನೆ: ನಾನು ಮದ್ಯವನ್ನಾಗಲಿ ತಂಬಾಕನ್ನಾಗಲಿ ಮುಟ್ಟಿದವನಲ್ಲ, ಪ್ರಾಣಿಹಿಂಸೆಯನ್ನೂ ಒಪ್ಪುವವನಲ್ಲ. ಹೀಗಿದ್ದೂ ‘ಫೈರ್‌ಸ್ಟಾರ್ಮ್’ ಹಾಡಿನ ಮಾತುಗಳನ್ನು ಓದಿ ನನಗೆ ಕಸಿವಿಸಿಯಾಯಿತು. ಮಾದಕ ವಸ್ತು ಮಾರುವವರ ವಿರುದ್ಧ ಅದು ನೇರವಾಗಿ ಹಿಂಸೆಗೆ ಕರೆ ಕೊಡುತ್ತದೆ. ಮಾತುಗಳನ್ನು ಪಕ್ಕಕ್ಕಿಟ್ಟು ಸಂಗೀತವನ್ನಷ್ಟೇ ಅಳೆಯುವುದು ನ್ಯಾಯವೇ?

ಉತ್ತರ: ನ್ಯಾಯವಲ್ಲ, ಸಾಧ್ಯವೂ ಅಲ್ಲ. ಮಾತೂ ನಾದವೂ ಒಂದಾಗಿವೆ ಎಂದು ಮೇಲೆ ಹೊಗಳಿದ ನಾನು, ಮಾತು ಕಹಿಯಾದಾಗ ಅದನ್ನು ಬೇರ್ಪಡಿಸಿ ನಾದವನ್ನಷ್ಟೇ ಇಟ್ಟುಕೊಳ್ಳುತ್ತೇನೆ ಎಂದರೆ ಅದು ಪ್ರಾಮಾಣಿಕವಾಗುವುದಿಲ್ಲ.

ಆ ಹಾಡು ಹುಟ್ಟಿದ ಕಾಲವನ್ನು ಮರೆಯಬಾರದು. 1980ರ ದಶಕದ ನಡುವಿನಿಂದ ಅಮೆರಿಕದ ನಗರಗಳಲ್ಲಿ ಕ್ರ್ಯಾಕ್ ಕೊಕೇನ್ ಹಬ್ಬಿ ಎಷ್ಟೋ ಕೇರಿಗಳನ್ನು ನುಂಗಿತ್ತು. ಅದನ್ನು ಕಣ್ಣೆದುರು ಕಂಡ ಹರೆಯದವರ ಸಿಟ್ಟು ಹುಸಿಯಾದದ್ದಲ್ಲ. ಆದರೆ ಸಿಟ್ಟು ನಿಜವಾಗಿದ್ದ ಮಾತ್ರಕ್ಕೆ ಅದು ತೋರಿದ ದಾರಿ ಸರಿಯಾಗುವುದಿಲ್ಲ. ಮಾರುವವನ ಹಿಂದೆ ಇರುವ ಬಡತನ, ಕೊಳ್ಳುವವನ ಹಿಂದೆ ಇರುವ ನೋವು, ಇವೆರಡೂ ಆ ಹಾಡಿನ ಕಣ್ಣಿಗೆ ಬೀಳುವುದಿಲ್ಲ. ಅಲ್ಲಿ ಶುದ್ಧರಾದ ನಾವು ಒಂದು ಕಡೆ, ಕೆಟ್ಟವರಾದ ಅವರು ಇನ್ನೊಂದು ಕಡೆ. ಚಳವಳಿಯ ಇತಿಹಾಸದಲ್ಲಿ ಈ ಗೆರೆ ಕಾಗದದ ಮೇಲಷ್ಟೇ ಉಳಿಯಲೂ ಇಲ್ಲ: 1990ರ ದಶಕದ ಉತ್ತರಾರ್ಧದಲ್ಲಿ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ ಸ್ಟ್ರೇಟ್‌ಎಡ್ಜ್ ಹೆಸರು ಹೊತ್ತ ಕೆಲವು ಯುವಕರು ಹೊಡೆದಾಟಗಳಿಗೆ ಇಳಿದು, ಅಲ್ಲಿನ ಪೊಲೀಸರು ಅವರನ್ನು ಗ್ಯಾಂಗ್ ಎಂದೇ ಪರಿಗಣಿಸುವಂತಾಯಿತು. ಅದಕ್ಕೆ ಒಂದು ತಂಡವನ್ನೋ ಒಂದು ಹಾಡನ್ನೋ ಹೊಣೆ ಮಾಡುವುದು ಸರಿಯಲ್ಲ. ಬಹುಪಾಲು ಸ್ಟ್ರೇಟ್‌ಎಡ್ಜ್ ಯುವಕರು ಯಾರ ಮೈಮೇಲೂ ಕೈಮಾಡಿದವರಲ್ಲ. ಆದರೂ, ಕೈ ಮೇಲಿನ ಗುರುತು ‘ನನಗೆ ಬೇಡ’ ಎಂಬಲ್ಲಿಂದ ‘ನಿನಗೂ ಬೇಡ, ಕೇಳದಿದ್ದರೆ ನೋಡು’ ಎಂಬಲ್ಲಿಗೆ ಸರಿದಾಗ ಏನಾಗುತ್ತದೆಂಬುದಕ್ಕೆ ಅದು ಸಾಕ್ಷಿ. ಮೈನರ್ ಥ್ರೆಟ್‌ನ 46 ಸೆಕೆಂಡುಗಳಲ್ಲಿ ಈ ಎರಡನೆಯ ಮಾತು ಇರಲಿಲ್ಲ.

ಈ ದೃಷ್ಟಿಯಿಂದ ನೋಡಿದಾಗ, ‘ಡಿಸ್ಟ್ರಾಯ್ ದ ಮಶೀನ್ಸ್’ ನನಗೆ ಎರಡು ವರ್ಷ ಮುಂಚಿನ ಮುದ್ರಿಕೆಗಿಂತ ಹೆಚ್ಚು ಆಳವಾದದ್ದಾಗಿ ಕಾಣುವುದು ‘ದ ಡಿಸಿಪ್ಲಿನ್’ ಹಾಡಿನ ಕಾರಣದಿಂದ. ಅದರಲ್ಲಿ ಹಾಡುವವನು ಇನ್ನೊಬ್ಬರ ಕಡೆ ಬೆರಳು ತೋರುವುದನ್ನು ಬಹುಮಟ್ಟಿಗೆ ಬಿಟ್ಟು, ನೇಮ ತನಗೆ ಕೊಟ್ಟ ತಿಳಿಯಾದ ಮನಸ್ಸಿನ ಬಗೆಗೆ ‘ನಾನು’ ಎಂಬ ದನಿಯಲ್ಲಿ ಹೇಳಿಕೊಳ್ಳುತ್ತಾನೆ. ‘ನ್ಯೂ ಎಥಿಕ್’ ಹಾಡು ಪ್ರಾಣಿಗಳ ಜೀವ ಅವುಗಳಿಗೇ ಸೇರಿದ್ದು ಎಂಬ ವಿಚಾರವನ್ನು ಮುಂದಿಡುತ್ತದೆ. ಇಂಥ ವಿಚಾರವನ್ನು ಮೆಟಲ್ ರಿಫ್‌ಗಳ ಮೇಲೆ ಇಷ್ಟು ನೇರವಾಗಿ ಇಟ್ಟ ತಂಡಗಳು ಆ ಹೊತ್ತಿಗೆ ವಿರಳ, ಅದನ್ನು ಕೇಳಿ ಊಟದ ತಟ್ಟೆಯನ್ನೇ ಬದಲಿಸಿಕೊಂಡ ಕೇಳುಗರು ಕಡಿಮೆಯೇನಲ್ಲ. ಆದರೆ ಈ ಹಾಡಿನಲ್ಲೂ ವಾದ ಇದೆ, ತನ್ನ ಬಗೆಗಿನ ಅನುಮಾನ ಮಾತ್ರ ಇಲ್ಲ. ತಾನು ತಪ್ಪಿರಬಹುದು, ತನಗೂ ಆಸೆ ಹುಟ್ಟಬಹುದು, ನೇಮ ಪಾಲಿಸುವುದು ಕೆಲವು ರಾತ್ರಿ ಕಷ್ಟವಾಗಬಹುದು ಎಂಬ ಒಂದು ಸಾಲಾದರೂ ಇದ್ದಿದ್ದರೆ ಆ ನೇಮದ ಬೆಲೆ ಕೇಳುಗರಿಗೆ ಇನ್ನಷ್ಟು ತಿಳಿಯುತ್ತಿತ್ತು. ಸುಲಭವಾಗಿ ಸಾಧಿಸಿದಂತೆ ಕಾಣುವ ಸಂಯಮ ಕೇಳುಗರನ್ನು ದೂರ ನಿಲ್ಲಿಸುತ್ತದೆ. ನಿಮಗೆ ಆದ ಕಸಿವಿಸಿಯ ಒಂದು ಮೂಲ ಇದೂ ಇರಬಹುದು. ಅದನ್ನು ಅದುಮಬೇಡಿ, ನಿಮ್ಮ ವಿಮರ್ಶೆಯಲ್ಲಿ ಅದಕ್ಕೂ ಜಾಗ ಕೊಡಿ.

ಪ್ರಶ್ನೆ: ಇಂಥ ತಂಡಗಳ ಸದಸ್ಯರಲ್ಲಿ ಎಷ್ಟೋ ಮಂದಿ ಮುಂದೆ ಸ್ಟ್ರೇಟ್‌ಎಡ್ಜ್ ಬಿಟ್ಟುಬಿಡುತ್ತಾರೆ. ಆಗ ಅವರ ಹಳೆಯ ಆಲ್ಬಂ ಸುಳ್ಳಾಗುವುದಿಲ್ಲವೇ?

ಉತ್ತರ: ಆಗುವುದಿಲ್ಲ. ಆಲ್ಬಂ ಸಾಕ್ಷಿ ಹೇಳುವುದು ಅದನ್ನು ಮುದ್ರಿಸಿದ ದಿನಗಳ ಬಗೆಗೆ. ಇಪ್ಪತ್ತರ ಆಸುಪಾಸಿನಲ್ಲಿ ತೊಟ್ಟ ಪಣವನ್ನು ನಲವತ್ತರಲ್ಲಿ ಉಳಿಸಿಕೊಂಡರೋ ಇಲ್ಲವೋ ಎಂಬುದು ಆ ವ್ಯಕ್ತಿಯ ಬದುಕಿನ ಪ್ರಶ್ನೆ, ಕೇಳುಗರಾದ ನಾವು ಅದಕ್ಕೆ ಪಂಚಾಯಿತಿದಾರರಲ್ಲ. ಅರ್ತ್ ಕ್ರೈಸಿಸ್ ತಂಡವು 2001ರಲ್ಲಿ ಚದುರಿ, 2007ರಲ್ಲಿ ಮತ್ತೆ ಒಂದಾಗಿ, ಅದೇ ವಿಚಾರಗಳನ್ನೇ ಹಾಡುತ್ತ ಬಂದಿದೆ. ಅದರಿಂದಾಗಿ 1995ರ ಆಲ್ಬಂಗೆ ಒಂದು ಅಂಕವೂ ಹೆಚ್ಚಾಗುವುದಿಲ್ಲ, ಬಿಟ್ಟಿದ್ದರೆ ಒಂದು ಅಂಕವೂ ಕಡಿಮೆಯಾಗುತ್ತಿರಲಿಲ್ಲ. ನಂಬಿಕೆಯಿಲ್ಲದೆ ಹಾಡಿದ್ದರೆ ಅದು ಆ ದಿನವೇ ಕೇಳಿಸಿರುತ್ತಿತ್ತು.

ಪ್ರಶ್ನೆ: ಈ ಆಲ್ಬಂ ಆದಮೇಲೆ ಯಾವುದನ್ನು ಕೇಳಿದರೆ ಹೋಲಿಸಿ ನೋಡಲು ನೆರವಾಗುತ್ತದೆ?

ಉತ್ತರ: ಇದೇ ತಂಡ 1996ರಲ್ಲಿ ಹೊರತಂದ ‘ಗೊಮೋರಾಸ್ ಸೀಸನ್ ಎಂಡ್ಸ್’ ಕೇಳಿದರೆ, ಆಲ್ಬಂ ಕಟ್ಟುವುದರಲ್ಲಿ ಒಂದೇ ವರ್ಷದಲ್ಲಿ ಅವರು ಎಷ್ಟು ಕಲಿತರು ಎಂಬುದು ತಿಳಿಯುತ್ತದೆ, ರಿಫ್‌ಗಳು ಹೆಚ್ಚು ಜಟಿಲವಾಗಿವೆ, ಮೆಟಲ್ಲಿನ ಕಡೆಗಿನ ಒಲವು ಇನ್ನೂ ಹೆಚ್ಚಾಗಿದೆ. ಆದರೆ ನಾನು ಮೊದಲು ಸೂಚಿಸುವುದು ಸ್ಯಾನ್ ಡಿಯಾಗೋದ ಅನ್‌ಬ್ರೋಕನ್ ತಂಡದ 1994ರ ‘ಲೈಫ್. ಲವ್. ರಿಗ್ರೆಟ್.’ ಆಲ್ಬಂ ಅನ್ನು. ಅವರೂ ಸ್ಟ್ರೇಟ್‌ಎಡ್ಜ್ ತಂಡದವರೇ, ಅವರೂ ಎಳೆಯರೇ, ಗಿಟಾರ್‌ಗಳ ಗುದ್ದು ಅವರಲ್ಲೂ ಅಷ್ಟೇ ಬಿರುಸಾಗಿದೆ. ಆದರೆ ಬೆರಳು ಹೊರಗಿನ ವೈರಿಯ ಕಡೆಗೆ ಚಾಚುವ ಬದಲು ಒಳಕ್ಕೆ ತಿರುಗಿದೆ. ದುಃಖವೂ ಪಶ್ಚಾತ್ತಾಪವೂ ಆ ಆಲ್ಬಂನ ಹೆಸರಿನಿಂದ ಹಿಡಿದು ಕೊನೆಯವರೆಗೂ ತುಂಬಿಕೊಂಡಿವೆ. ಎರಡನ್ನೂ ಒಂದೇ ವಾರದಲ್ಲಿ ಕೇಳಿ. ಸಿರಕ್ಯೂಸ್‌ನವರ ಆಲ್ಬಂನಲ್ಲಿ ಕಾಣೆಯಾಗಿದೆ ಎಂದು ನಾನು ಹೇಳಿದ ಅನುಮಾನದ ಸಾಲು ಎಂಥದ್ದಾಗಿರಬಹುದಿತ್ತು ಎಂಬುದನ್ನು ಸ್ಯಾನ್ ಡಿಯಾಗೋದ ಹುಡುಗರು ಒಂದು ವರ್ಷ ಮೊದಲೇ ಹಾಡಿ ಇಟ್ಟಿದ್ದಾರೆ.